ಕಟ್ಟುವ ಪಟ್ಟಿಗಳ ಕೌದಿ

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ನಮ್ಮ ಹಗಲು ಆರೈಕೆ ಕೇಂದ್ರಕ್ಕೆ ಹದಿನಾಲ್ಕು ಜನ ಬರುತ್ತಾರೆ. ಕೆಲವರಿಗೆ ಮಾತಿಲ್ಲ, ಕೆಲವರಿಗೆ ಬುದ್ಧಿಯ ಬೆಳವಣಿಗೆ ನಿಧಾನ. ಅವರಿಗೆ ನಾನೊಬ್ಬಳು ವಿಶೇಷ ಶಿಕ್ಷಕಿ, ಇಬ್ಬರು ಆಯಾಗಳು. ನನ್ನ ಡಿಪ್ಲೊಮಾ ಗಾಜಿನ ಚೌಕಟ್ಟಿನೊಳಗೆ ಗೋಡೆಯ ಮೇಲಿದೆ. ಕೋಡ್ಲಾದಿಂದ ಬೆಳಗಿನ ಟಂಟಂ ಆಟೋ ಹತ್ತಿ ಬರುವ ಆಯಾ ಯಂಕಮ್ಮಕ್ಕನಿಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತದೆ, ಜೊತೆಗೆ ಯಾರಿಗೂ ಬಗ್ಗದ ಐವತ್ತೆರಡು ವರ್ಷದ ಸ್ವಭಾವ. ಅವಳ ಕತೆ ಹೇಳುವ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಅಂಬರಾಯನ ಕೈಗಳನ್ನು ಎರಡು ವರ್ಷ ಕುರ್ಚಿಗೆ ಕಟ್ಟಿದವಳು ನಾನೇ.

ಅಂಬರಾಯನಿಗೆ ಇಪ್ಪತ್ತಾರು ವರ್ಷ, ಮಾತು ಬಾರದು. ಊಟದ ಹೊತ್ತಿಗೆ ಎಬ್ಬಿಸಿದರೆ ತಟ್ಟೆ ಎಸೆಯುತ್ತಿದ್ದ, ಹತ್ತಿರ ಇದ್ದವರಿಗೆ ಹೊಡೆಯುತ್ತಿದ್ದ. ಅದಕ್ಕೆ ಹನ್ನೆರಡೂವರೆಗೆ ಅವನನ್ನು ಕಟ್ಟಿ, ಉಳಿದವರ ಊಟ ಮುಗಿಸಿ, ಆಮೇಲೆ ಅವನಿಗೆ ಉಣ್ಣಿಸುವುದು ನಮ್ಮ ಪದ್ಧತಿ. ನಾವು ಹಗ್ಗ ಬಳಸುವವರಲ್ಲ ಎಂದು ನೋಡಲು ಬಂದವರಿಗೆಲ್ಲ ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ಮಣಿಕಟ್ಟಿನ ಮೇಲೆ ಗುರುತು ಬೀಳದಿರಲೆಂದು ಮೆತ್ತನೆಯ ಹಳೇ ಸೀರೆಗಳನ್ನು ಹರಿದು ಹನ್ನೊಂದು ಪಟ್ಟಿ ಮಾಡಿಟ್ಟಿದ್ದೆವು. ಕಟ್ಟುವುದಕ್ಕೆ ಮೆತ್ತನೆಯ ಬಟ್ಟೆ ಹುಡುಕಿದ ನನ್ನ ಕರುಣೆಗೆ ಈಗ ನಾನೇ ಉಗಿಯಬೇಕು ಅನ್ನಿಸುತ್ತದೆ.

ಶನಿವಾರ ಆ ಪಟ್ಟಿಗಳನ್ನು ಒಗೆಯುವುದು ಯಂಕಮ್ಮಕ್ಕನ ಕೆಲಸ. ಕೆಲಸಕ್ಕೆ ಸೇರಿದ ಮೂರನೇ ತಿಂಗಳು ಪಟ್ಟಿಗಳ ಗಂಟನ್ನು ತಂದು ನನ್ನ ಮೇಜಿನ ಮೇಲಿಟ್ಟು, ಇನ್ನು ಇವನ್ನು ಒಗೆಯುವುದಿಲ್ಲ ಅಂದಳು. ಉಳಿದವರ ಸುರಕ್ಷತೆ ನೋಡಬೇಕಲ್ಲ ಎಂದು ನಾನು ಡಿಪ್ಲೊಮಾ ಧಾಟಿಯಲ್ಲಿ ಬುದ್ಧಿ ಹೇಳಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಊಟಕ್ಕೆ ಎಳೆಯುವ ಮೊದಲು ಯಾರಾದರೂ ಅವನನ್ನು ಕೇಳಿದ್ದೀರಾ ಎಂದಳು. ನನಗೆ ನಗು ಬಂತು. ಮಾತೇ ಬಾರದವನನ್ನು ಏನು ಕೇಳುವುದು?

"ಮಾತ ಬರಂಗಿಲ್ರಿ ಟೀಚರಮ್ಮ," ಅಂದಳು. "ಕೇಳಸ್ತದಲ್ಲ?"

ಸೋಮವಾರ ಅವಳು ಅಂಬರಾಯನ ಎದುರಿಗೆ ಫರ್ಸಿ ಕಲ್ಲಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ಅಂಗೈ ಚಾಚಿ, ಊಟಕ್ಕೆ ಹೋಗೋಣವೇನಪ್ಪ ಎಂದು ಕೇಳಿ ಸುಮ್ಮನಾದಳು. ಬೇಳೆ ಆರಿತು, ಇನ್ನೊಬ್ಬ ಆಯಾ ಗೊಣಗಿದಳು, ನಾನು ಗಡಿಯಾರ ನೋಡಿದೆ. ಹನ್ನೊಂದು ನಿಮಿಷ. ಆಮೇಲೆ ಅಂಬರಾಯ ತನ್ನ ಎರಡು ಬೆರಳು ಅವಳ ಅಂಗೈ ಮೇಲಿಟ್ಟು ಎದ್ದ. ಅವತ್ತಿನಿಂದ ಮೂರು ವಾರ ಪಟ್ಟಿಗಳು ಗೋಡೆಯ ಗೂಟಕ್ಕೇ ನೇತಾಡಿದವು.

ಇದನ್ನು ಪವಾಡದ ಕತೆ ಅಂದುಕೊಳ್ಳಬೇಡಿ. ನಾಲ್ಕನೇ ವಾರದ ಶುಕ್ರವಾರ ಇನ್ನೊಬ್ಬ ಆಯಾ ರಜೆ. ಗಡಿಬಿಡಿಯಲ್ಲಿ ಯಂಕಮ್ಮಕ್ಕ ಹಿಂದಿನಿಂದ ಅವನ ಮೊಣಕೈ ಹಿಡಿದೆಬ್ಬಿಸಿದಳು. ಅವನು ಅವಳ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದ.

ಸುದ್ದಿ ಕೇಳಿ ಕಮಿಟಿ ಅಧ್ಯಕ್ಷರಾದ ಪ್ರಾಣೇಶ ಸರ್ ಬಂದರು. ನಿವೃತ್ತ ಹೆಡ್ಮಾಸ್ತರರು, ಕೆಟ್ಟವರಲ್ಲ. ಉಳಿದವರ ಮನೆಯವರಿಗೆ ಉತ್ತರ ಹೇಳಬೇಕಾದವರೂ ಅವರೇ. ಸೋಮವಾರದಿಂದ ಕಟ್ಟಬೇಕು, ಆಗದಿದ್ದರೆ ಅಂಬರಾಯನನ್ನು ಮನೆಗೆ ಕಳಿಸಬೇಕು ಎಂದು ಹೇಳಿ ಹೋದರು. ಮನೆ ಅಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ತಾಯಿ ಇಲ್ಲ. ಅಣ್ಣ ಅಣವೀರ ಲಾರಿಗೆ ಚೀಲ ಹೇರಲು ಹೋದರೆ ಬರುವುದು ಸಂಜೆ. ಅಲ್ಲಿಯವರೆಗೆ ಹೊರಗಿನಿಂದ ಬೀಗ.

ನಾನು ದಿನಚರಿ ಪುಸ್ತಕದಲ್ಲಿ ಯಾವತ್ತಿನ ಹಾಗೆ "ಅಂಬರಾಯ ಹಿಂಸೆಗಿಳಿದ" ಎಂದು ಬರೆದಿದ್ದೆ. ಕೈಗೆ ಬಟ್ಟೆ ಸುತ್ತಿಕೊಂಡ ಯಂಕಮ್ಮಕ್ಕ ಅದನ್ನು ಓದಿಸಿ ಕೇಳಿದಳು.

"ಹಂಗಲ್ರಿ. ಯಂಕಮ್ಮ ಕೇಳದಂಗ, ಹಿಂದಿನಿಂದ ಕೈ ಹಾಕಿದಳು, ಅದಕ್ಕ ಅಂವ ಕಡದ ಅಂತ ಬರೀರಿ. ಕೆಳಗ ನಾ ಸಹಿ ಮಾಡ್ತೀನಿ."

ಹಾಗೆ ಬರೆದರೆ ನಿನ್ನ ಕೆಲಸಕ್ಕೇ ಸಂಚಕಾರ ಎಂದೆ. ಅವಳು ಪೆನ್ನಿಗಾಗಿ ಕೈ ಚಾಚಿದಳು, ಅಷ್ಟೇ. ನಾನು ನನ್ನ ಸಾಲು ಹೊಡೆದು ಹಾಕಿ ಅವಳದನ್ನು ಬರೆದೆ. ಎರಡು ವರ್ಷದ ಅಂಥ ಸಾಲುಗಳಲ್ಲಿ ಎಷ್ಟು ಸುಳ್ಳಿದ್ದವೋ ಎಂದು ನಾಚಿಕೆಯಾಯಿತು.

ಸೋಮವಾರ ಗೂಟ ಖಾಲಿ. ಊಟದ ಹೊತ್ತಿಗೆ ಬಂದ ಪ್ರಾಣೇಶ ಸರ್ ಪಟ್ಟಿಗಳೆಲ್ಲಿ ಎಂದು ಕೇಳಿದರು. ಯಂಕಮ್ಮಕ್ಕ ತನ್ನ ಕೈಚೀಲದಿಂದ ಒಂದು ಕೌದಿ ತೆಗೆದು ಅಂಬರಾಯನ ಮುಂದೆ ಹಾಸಿದಳು. ಒಬ್ಬರು ಕೂರುವಷ್ಟು ಅಗಲ. ತಳಕ್ಕೆ ಅವಳದೇ ಹಳೇ ಸೀರೆ, ಮೇಲೆ ಹನ್ನೊಂದು ಪಟ್ಟಿ, ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ. ಸರ್ ಬಗ್ಗಿ ನೀಲಿ ಅಂಚೊಂದನ್ನು ನೋಡಿದರು. ಅದು ಅವರ ಹೆಂಡತಿ ರುಕ್ಮಿಣಿಬಾಯಿ ಕೇಂದ್ರಕ್ಕೆ ಕೊಟ್ಟಿದ್ದ ಸೀರೆ. ಯಾತಕ್ಕೆ ಬೇಕೆಂದು ನಾವು ರುಕ್ಮಿಣಿಬಾಯಿಗೆ ಹೇಳಿರಲಿಲ್ಲ.

"ಕಟ್ಟಲೇಬೇಕಂದ್ರ ಈ ಹೊಲಿಗಿ ನೀವ ಬಿಚ್ಚರಿ ಸರ," ಅಂದಳು ಯಂಕಮ್ಮಕ್ಕ. "ನಾ ಬಿಚ್ಚಂಗಿಲ್ಲ. ಕೆಲಸದಿಂದ ತೆಗೀರಿ ಬೇಕಾದ್ರ. ಗೇಟಿನ ಬಾಜೂಕ ಕುಂತು, ಊಟದ ಹೊತ್ತಿಗಿ ಒಳಗ ಬಂದು ಇವನ್ನ ಕೇಳೇ ಕೇಳತೀನಿ."

ಸರ್ ನನ್ನ ಕಡೆ ತಿರುಗಿದರು.

"ನಾನೂ ಕಟ್ಟಂಗಿಲ್ರಿ ಸರ," ಅಂದೆ.

ಹಾಗಾದರೆ ನಾನೇ ಎಬ್ಬಿಸುತ್ತೇನೆ ಎಂದು ಅವರು ಅಂಬರಾಯನ ಹಿಂದೆ ಹೋಗಿ ಭುಜಕ್ಕೆ ಕೈ ಚಾಚಿದರು.

"ಮುಂದ ಬರ್ರಿ ಸರ," ಅಂದಳು ಯಂಕಮ್ಮಕ್ಕ. "ಕುಂದ್ರಿ. ಕೇಳ್ರಿ."

ನಲವತ್ತು ವರ್ಷ ಮಕ್ಕಳನ್ನು ಕೂರಿಸಿ ಎಬ್ಬಿಸಿದ ಮನುಷ್ಯ, ಮಂಡಿ ಹಿಡಿದುಕೊಂಡು ಆ ಕೌದಿಯ ಮೇಲೆ ಕೂತರು. ಅಂಗೈ ಬಿಡಿಸಿ, ಊಟಕ್ಕೆ ಬರುತ್ತೀಯಾ ಎಂದು ಕೇಳಿದರು. ಅಂಬರಾಯ ಆ ಕೈಯನ್ನು ನೋಡಿದ. ಅವರ ಮುಖ ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತ. ಎಸೆಯಲಿಲ್ಲ, ಹೊಡೆಯಲಿಲ್ಲ.

ಸರ್ ಪೆಚ್ಚಾಗಿ ಮೇಲೆ ನೋಡಿದರು.

"ಒಲ್ಲೆ ಅಂದಾನ್ರಿ," ಅಂದಳು ಯಂಕಮ್ಮಕ್ಕ. "ಟೀಚರಮ್ಮ, ಬರಕೋರಿ."

ಬರೆದುಕೊಂಡೆ: "ಅಂಬರಾಯನನ್ನು ಊಟಕ್ಕೆ ಕರೆದೆವು. ಒಲ್ಲೆ ಅಂದ. ಒಂದೂವರೆಗೆ ತಾನೇ ಬಂದು ಉಂಡ." ಕೊನೆಯ ಸಾಲು ಬರೆಯುವವರೆಗೂ ಪ್ರಾಣೇಶ ಸರ್ ಕೌದಿ ಬಿಟ್ಟು ಏಳಲಿಲ್ಲ. ಆ ಪುಟದಲ್ಲಿ ಮೂರು ಸಹಿಗಳಿವೆ, ಮೂರನೆಯದು ಅವರದು.