ಮುರಗೆಪ್ಪ ಮತ್ತು ಸಾವಕಾರರ ವಿಮಾನ

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದೆ ಡೈನಮೋ ರಿಪೇರಿ ಮಾಡುತ್ತಿದ್ದ ಮುರಗೆಪ್ಪನಿಗೆ ಒಂದು ಕೆಟ್ಟ ಚಟ. ಕಂಡದ್ದನ್ನು ಕಂಡಲ್ಲೇ, ಹತ್ತು ಜನರ ಮುಂದೆ ಹೇಳಿಬಿಡುವುದು. "ಟ್ರ್ಯಾಕ್ಟರು ಕೆಟ್ಟಿಲ್ರಿ, ನಿಮಗ ಹೊಡಿಯಾಕ ಬರಂಗಿಲ್ಲ" ಎಂದು ಗೌಡರಿಗೇ ಅಂದ ಪುಣ್ಯಾತ್ಮ. ಅವನ ದನಿ ತಗ್ಗುತ್ತಿದ್ದುದು ಸದಲಗಾದ ಶಿವಗಂಗವ್ವನ ಎದುರು ಮಾತ್ರ. ತಂದೆ ಸತ್ತ ಮೇಲೆ ಅವನು ಉಂಡು ಬೆಳೆದದ್ದು ಅವಳ ಮನೆಯಲ್ಲಿ.

ಅವಳ ಮಗ ಬಾಬಾಸಾಹೇಬರು ಕಬ್ಬು, ದ್ರಾಕ್ಷಿಯ ಸಾವಕಾರರು. ಎಂಬತ್ತಾರನೇ ಇಸವಿಯಲ್ಲಿ ಹಳೆಯದೊಂದು ಸಣ್ಣ ವಿಮಾನ ಕೊಂಡು ಹೊಲದ ಪಕ್ಕ ನೆಲ ಸಮ ಮಾಡಿಸಿದರು. ಮರುವರ್ಷದ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಬೀಗರನ್ನೆಲ್ಲ ಹಾರಿಸಲೆಂದು ಕರೆಸಿದರು. ಪೂಜೆ ಮುಗಿದು ಎಂಜಿನ್ ಶುರುವಾದರೆ ಚಾರ್ಜಿನ ಮುಳ್ಳು ಮೈನಸ್ ಬಿಟ್ಟು ಏಳಲೇ ಇಲ್ಲ. "ಬ್ಯಾಟ್ರಿ ಇಳಿದ್ರ ರೇಡಿಯೋ ಸಾಯ್ತದ. ನಾ ಹಾರ್ಸಂಗಿಲ್ಲ" ಎಂದ ಪೈಲಟ್. ಸಾವಕಾರರ ಮುಖ ಕಪ್ಪಿಟ್ಟಿತು. ಮುರಗೆಪ್ಪನನ್ನು ಕರೆತರಲು ಜೀಪು ಚಿಕ್ಕೋಡಿಗೆ ಓಡಿತು.

ಪೂಜೆಗೆ ಇಟ್ಟ ಪಾನಾ, ಇಕ್ಕಳದಂಥ ಹತ್ಯಾರಗಳನ್ನು ಮರುದಿನದವರೆಗೆ ಎತ್ತುವಂತಿಲ್ಲ. ಮುರಗೆಪ್ಪ ಬರಿಗೈಯಲ್ಲೇ ಬಂದ. ಪೈಲಟ್ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ ಮೇಲೆ ಬ್ಯಾಟರಿಯ ವೈರುಗಳನ್ನು ಜಗ್ಗಿ ನೋಡಿದ, ಬಿಗಿಯಾಗಿದ್ದವು. ಮೂತಿಯ ಪಂಖದ ಹಿಂದಿನ ಕಿಂಡಿಯಲ್ಲಿ ಕೈಹಾಕಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಗಾಲಿಯನ್ನು ಹೆಬ್ಬೆರಳಿಂದ ಒತ್ತಿದ. ಗಾಲಿ ತಿರುಗಿತು, ಬೆಲ್ಟು ಕದಲಲಿಲ್ಲ.

"ಬೆಲ್ಟಿಗೆ ಎಣ್ಣಿ ಬಡದೈತ್ರಿ. ಜಾರಾಕತ್ತೈತಿ, ಅದಕ್ಕ ಚಾರ್ಜ್ ಆಗವಲ್ದು. ಹೊಸಾದ ಹಾಕಬೇಕು."

ಸಾವಕಾರರು ವಿಮಾನ ನೋಡಿಕೊಳ್ಳುತ್ತಿದ್ದ ಬಾಳಾಸಾಬನತ್ತ ತಿರುಗಿದರು. "ನಿಂದ ಕೆಲಸ ಇದು. ನಾಳಿಂದ ಇತ್ತ ಕಾಲ ಇಡಬ್ಯಾಡ."

"ದೇವ್ರಾಣಿ ನಾ ಎಣ್ಣಿ ಮುಟ್ಟಿಲ್ರಿ, ಮನ್ಯಾಗ ಬಾಣಂತಿ ಅದಾಳ್ರಿ" ಎಂದ ಬಾಳಾಸಾಬ. ಯಾರು ಕೇಳುತ್ತಾರೆ?

ಮುರಗೆಪ್ಪ ಬೆರಳು ಮೂಸಿದ. ಔಡಲೆಣ್ಣೆ, ಅದರಲ್ಲಿ ಕುಂಕುಮ ಬೇರೆ. ಪೂಜೆಯ ತಟ್ಟೆ ಹಿಡಿದು ನಿಂತಿದ್ದ ಶಿವಗಂಗವ್ವನ ಅಂಗೈ ಮಿರುಗುತ್ತಿತ್ತು. ಹೇಳಿದರೆ ಅವ್ವನ ಮಾನ, ಹೇಳದಿದ್ದರೆ ಬಾಳಾಸಾಬನ ಅನ್ನ. ಬಾಳಾಸಾಬ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಿದ್ದ.

"ಅವಂದಲ್ರಿ ತಪ್ಪು! ಪೂಜಿ ಎಣ್ಣಿ ಐತಿದು. ಅವ್ವಾರು ಹಚ್ಯಾರ!" ಎಂದು ಮುರಗೆಪ್ಪ ಕೂಗಿಬಿಟ್ಟ.

"ಹೌದು, ನಾನ ಹಚ್ಚೇನಿ" ಎಂದಳು ಶಿವಗಂಗವ್ವ. "ಪೂಜಿ ದಿನಾ ಗಾಡಿಗೆ ಕೀಲೆಣ್ಣಿ ಹಾಕಂಗಿಲ್ಲೇನು? ಇಲ್ಲೂ ಗಾಲಿ ಐತಲ್ಲ!"

ಬೀಗರು ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಹೆತ್ತ ಮಗ. ಅಲ್ಲೇ ನಿಂತು ನೋಡಿದ ನನಗೆ ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ನಗುವಿನಲ್ಲೇ ಬಾಳಾಸಾಬನ ಕೆಲಸ ಉಳಿಯಿತು. ಮುದುಕಿ ಸೆರಗು ಹೊದ್ದು ಮನೆಗೆ ನಡೆದಳು.

ಮಧ್ಯಾಹ್ನ ಅವಳೇ ಮುರಗೆಪ್ಪನನ್ನು ಕರೆದು ಹೋಳಿಗೆ ಬಡಿಸಿದಳು. ಅವನು ಮುರಿದ ತುತ್ತನ್ನು ತಟ್ಟೆಯಲ್ಲೇ ಇಟ್ಟ. "ತಪ್ಪಾತಬೇ ಅವ್ವಾ" ಎಂದ.

"ಖರೇನ ಹೇಳಿದಿ, ಬಾಳಾಸಾಬನ ಹೊಟ್ಟಿ ಉಳೀತು" ಎಂದು ಅವಳು ತುಪ್ಪ ಹಾಕಿದಳು. "ಆದ್ರ ಮಗಾ, ನನ್ನ ಕಿವ್ಯಾಗ ಹೇಳಿದ್ರ ಎಲ್ಲಾರ ಮುಂದ ನಾನ ಹೇಳ್ತಿದ್ನಲ್ಲ."