ಎಳೆ ಬಿಚ್ಚಿದ ತಾರಾದೇವಿ

ಮದುವೆ ಹೆಣ್ಣುಗಳ ಬೆನ್ನ ಮೇಲೆ ದೇವರನ್ನು ಕೂರಿಸುವುದು ನನ್ನ ಕಸುಬು. ಈಗಿನ ಮದುವೆಗಳಲ್ಲಿ ರವಿಕೆಯ ಬೆನ್ನಿಗೆ ಲಕ್ಷ್ಮಿ ಬೇಕು, ರಾಧಾಕೃಷ್ಣ ಬೇಕು, ನವಿಲಂತೂ ಬೇಕೇ ಬೇಕು. ನಂದಗುಡಿ ಪಕ್ಕದ ನಮ್ಮ ಊರಿಗೆ ಹೊಸಕೋಟೆಯಿಂದ, ದೇವನಹಳ್ಳಿಯಿಂದ ಹೆಣ್ಣುಮಕ್ಕಳು ಕಾರು ಮಾಡಿಕೊಂಡು ಬಂದು ಆರಿ ವರ್ಕ್ ಮಾಡಿಸಿಕೊಂಡು ಹೋಗುತ್ತಾರೆ. ಮರದ ಸ್ಟ್ಯಾಂಡಿಗೆ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಕೊಕ್ಕೆ ಮೂತಿಯ ಸೂಜಿಯನ್ನು ಮೇಲಿನಿಂದ ಚುಚ್ಚಿ, ಕೆಳಗೆ ಹಿಡಿದ ದಾರವನ್ನು ಕುಣಿಕೆ ಕುಣಿಕೆಯಾಗಿ ಮೇಲಕ್ಕೆ ಎಳೆದುಕೊಳ್ಳುವ ಕೆಲಸ. ಒಂದು ಕುಣಿಕೆಯ ಒಳಗಿನಿಂದ ಇನ್ನೊಂದು ಕುಣಿಕೆ ಬರುತ್ತದೆ, ಅದಕ್ಕೇ ಸರಪಳಿ ಹೊಲಿಗೆ ಅನ್ನುತ್ತೇವೆ. ಎಷ್ಟು ಲಕ್ಷ್ಮಿಯರನ್ನು ಹೊಲಿದಿದ್ದೇನೋ ನೆನಪಿಲ್ಲ. ಒಬ್ಬ ಲಕ್ಷ್ಮಿಗೂ ಮನಸ್ಸಿನಲ್ಲಿ ಕೈಮುಗಿದವಳಲ್ಲ. ಮಣಿ ಸರಿಯಾಗಿ ಕೂತಿದೆಯೇ, ಜರಿ ಎಲ್ಲಾದರೂ ಸಿಕ್ಕಾಗಿದೆಯೇ ಎಂದು ನೋಡುತ್ತಿದ್ದೆ, ಅಷ್ಟೇ.

ಕೈಮುಗಿದು ಹೊಲಿದ ದೇವರು ಒಬ್ಬಳೇ. ಅವಳು ನಮ್ಮ ಕಡೆಯವಳೂ ಅಲ್ಲ.

ನನ್ನ ಒಬ್ಬಳೇ ಮಗಳನ್ನು ಕುಂದಾಣದ ಕಡೆ ಕೊಟ್ಟಿದ್ದೆವು. ಎರಡು ಸಲ ಬಸುರಾದಳು, ಎರಡು ಸಲವೂ ನಿಲ್ಲಲಿಲ್ಲ. ಮೂರನೆಯ ಸಲ ಡಾಕ್ಟರು, ಗರ್ಭಕೋಶದ ಬಾಯಿ ಸಡಿಲವಾಗಿದೆ, ಮಗು ಜಾರದ ಹಾಗೆ ಅಲ್ಲಿಗೊಂದು ಹೊಲಿಗೆ ಹಾಕಬೇಕು ಎಂದರು. ಹಾಕಿದರು. ಮಲಗಿಯೇ ಇರಬೇಕು, ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು ಎಂದು ಕಳಿಸಿದರು. ಅವಳನ್ನು ನಮ್ಮ ಮನೆಗೆ ಕರೆತಂದು, ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿ, ನಡುಮನೆಯಲ್ಲಿ ನನ್ನ ಸ್ಟ್ಯಾಂಡಿನ ಪಕ್ಕದಲ್ಲೇ ಮಲಗಿಸಿಕೊಂಡೆ. ಅವಳು ಸೀನಿದರೂ ಸೂಜಿ ಬಿಟ್ಟು ಎದ್ದು ನೋಡುತ್ತಿದ್ದೆ. ಆ ದಿನಗಳಲ್ಲಿ ಊರಿನ ಗಂಡಸರ ಬಾಯಲ್ಲಿ ಜಮೀನಿನ ಮಾತು ಬಿಟ್ಟು ಬೇರೆ ಇರಲಿಲ್ಲ. ಯಾವುದೋ ಯೋಜನೆಗೆ ಎಲ್ಲ ಹೋಗಿಬಿಡುತ್ತದಂತೆ, ಪತ್ರ ಬರುತ್ತದಂತೆ ಎಂದು ನಮ್ಮ ಮನೆಯವರೂ ಊಟ ಬಿಟ್ಟು ಕೂರುತ್ತಿದ್ದರು. ನನಗೆ ಜಮೀನು ಯಾರ ಪಾಲಾದರೂ ಒಂದೇ ಆಗಿತ್ತು. ಆ ಮಂಚದ ಮೇಲಿರುವುದೊಂದು ಉಳಿದರೆ ಸಾಕಾಗಿತ್ತು.

ಚಳಿ ಶುರುವಾಯಿತು. ಮಗಳಿಗೆ ಸ್ವೆಟರ್ ತರಲು ಹೊಸಕೋಟೆಗೆ ಹೋದೆ. ಚಳಿಗಾಲದಲ್ಲಿ ರಸ್ತೆ ಬದಿ ಅಂಗಡಿ ಹಾಕುವ ಟಿಬೆಟಿನವರಲ್ಲಿ ಒಬ್ಬ ಹೆಂಗಸು ನನಗೆ ಪರಿಚಯ. ಹುಟ್ಟಿ ಬೆಳೆದದ್ದು ಬೈಲಕುಪ್ಪೆಯಲ್ಲಿ, ಕನ್ನಡ ಸಲೀಸು. ಅವಳ ಹಿಂದಿನ ಕಂಬದಲ್ಲಿ ಒಂದು ಸಣ್ಣ ಪಟ ತೂಗುತ್ತಿತ್ತು. ಬೆಳ್ಳಗಿನ ಒಬ್ಬ ದೇವಿ ಪದ್ಮಾಸನ ಹಾಕಿ ಕೂತಿದ್ದಾಳೆ. ಬಲಗೈಯನ್ನು ಮೊಣಕಾಲ ಮೇಲಿಂದ ಕೆಳಗೆ ಚಾಚಿದ್ದಾಳೆ. ಅಂಗೈಯಲ್ಲಿ ಏನೋ ಇದೆಯಲ್ಲ ಎಂದು ಹತ್ತಿರ ಹೋಗಿ ನೋಡಿದರೆ, ಕಣ್ಣು. ಅಂಗೈಯಲ್ಲಿ ಕಣ್ಣು, ಅಂಗಾಲಲ್ಲಿ ಕಣ್ಣು, ಹಣೆಯಲ್ಲಿ ಇನ್ನೊಂದು.

"ಇದ್ಯಾವ ದೇವ್ರಮ್ಮ?" ಎಂದೆ.

"ತಾರಾ ಅಂತ ಅಕ್ಕ. ಬಿಳಿ ತಾರಾ. ಕಾಯ್ಲೆಯವರ ಹತ್ರ ಇಡ್ತೀವಿ, ಆಯಸ್ಸು ಕೊಡ್ತಾಳೆ ಅಂತ."

"ಕೈಕಾಲಲ್ಲೆಲ್ಲ ಕಣ್ಯಾಕೆ?"

"ಎಲ್ಲಿ ನೋವಿದ್ರೂ ಕಾಣ್ಬೇಕಲ್ಲಕ್ಕ."

ನನ್ನ ಬಾಯಿಗೆ ತಕ್ಷಣ ಬಂದದ್ದು ನಮ್ಮ ಕಡೆಯ ಮಾತೇ. "ಹರಕೆ ಏನ್ ಹೊತ್ಕೋಬೇಕು?"

ಅವಳು ನಕ್ಕಳು. "ಹರಕೆ ಗಿರಕೆ ಏನಿಲ್ಲ. ಅವ್ಳು ಏನೂ ಕೇಳಲ್ಲ."

ಇದು ನನಗೆ ಸಮಾಧಾನ ಕೊಡುವ ಬದಲು ಇನ್ನಷ್ಟು ಗಾಬರಿ ಕೊಟ್ಟಿತು. ನಮ್ಮ ಅಮ್ಮಂದಿರ ಜೊತೆ ವ್ಯವಹಾರ ಸ್ಪಷ್ಟ. ನೀನು ಇದು ಕೊಡು, ನಾನು ಅದು ಕೊಡುತ್ತೇನೆ. ಮಗಳಿಗಾಗಿ ಸುತ್ತಮುತ್ತಲಿನ ಅಮ್ಮಂದಿರಿಗೆಲ್ಲ ಕೋಳಿ, ಸೀರೆ, ಮುಡಿ ಎಲ್ಲ ಹೇಳಿಕೊಂಡು, ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು ಆಗಿತ್ತು. ಏನೂ ಕೇಳದ ದೇವರನ್ನು ಯಾವುದರಿಂದ ಕಟ್ಟಿಹಾಕುವುದು? ಅವಳು ಬರದಿದ್ದರೆ ಯಾವ ಬಾಯಲ್ಲಿ ಜಗಳ ಆಡುವುದು? ಆದರೂ ಫೋನಿನಲ್ಲಿ ಪಟ ಹಿಡಿದುಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ದೊಡ್ಡದು ಮಾಡಿ ನೋಡುತ್ತಾ ಬಂದೆ. ಆ ಅಂಗೈಯ ಕಣ್ಣು ನನ್ನನ್ನು ಬಿಡಲಿಲ್ಲ. ಊರು ತಲುಪುವಷ್ಟರಲ್ಲಿ ಅವಳನ್ನು ಹೊಲಿಯಬೇಕು ಎಂದು ನಿಶ್ಚಯ ಮಾಡಿದ್ದೆ.

ಪಟ ನೋಡಿಕೊಂಡು ಕಾಗದದ ಮೇಲೆ ಬರೆದೆ. ಗೆರೆಗಳುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣದ ಪುಡಿ ಒರೆಸಿ, ಚಿತ್ರವನ್ನು ರೇಷ್ಮೆಯ ತುಂಡಿನ ಮೇಲೆ ಇಳಿಸಿದೆ. ಪಟದಲ್ಲಿದ್ದ ಆಭರಣಗಳನ್ನೆಲ್ಲ ಬಿಟ್ಟುಬಿಟ್ಟೆ. ಕಿರೀಟ ಬಿಟ್ಟೆ. ಕತ್ತಿಗೆ ಒಂದೆಳೆ ಕರಿಮಣಿ ಹಾಕಿದೆ, ಅವಳ ಕಡೆ ಅದು ಇದೆಯೋ ಇಲ್ಲವೋ ಯಾರಿಗೆ ಗೊತ್ತು. ಹಿಂದೆ ಇದ್ದ ಬೆಟ್ಟದ ಜಾಗದಲ್ಲಿ ನಮ್ಮ ರಾಗಿ ಹೊಲ ಬಂತು. ಮಾರುವ ಕೆಲಸವಲ್ಲ, ಗಿರಾಕಿಯ ಅಳತೆಯಿಲ್ಲ, ಮುಹೂರ್ತದ ಆತುರವಿಲ್ಲ. ದೇವರಮನೆಯಲ್ಲಿ ಇಡುವ ಯೋಚನೆಯೂ ಇರಲಿಲ್ಲ. ಹೊಲಿಯುವುದೇ ನನ್ನ ಪೂಜೆಯಾಯಿತು. ಸೂಜಿ ಇಳಿದಾಗಲೆಲ್ಲ ಮನಸ್ಸಿನಲ್ಲಿ "ನಿಲ್ಲು" ಎನ್ನುತ್ತಿದ್ದೆ. ದೇವಿಗಲ್ಲ, ಹೊಟ್ಟೆಯಲ್ಲಿರುವುದಕ್ಕೆ. ನಿಲ್ಲು, ನಿಲ್ಲು, ನಿಲ್ಲು. ಡಾಕ್ಟರು ಒಂದು ಹೊಲಿಗೆ ಹಾಕಿದ್ದರು, ಅದು ಸಾಲದೆಂದು ನನಗೆ ಹೆದರಿಕೆ. ಅದಕ್ಕೆ ಜೊತೆಯಾಗಿ ನಾನೂ ಹಾಕುತ್ತಿದ್ದೆ.

ಮಗಳು ಮಗ್ಗುಲಾಗಿ ಮಲಗಿ ನೋಡುತ್ತಿದ್ದಳು. ಮೊದಲ ಎರಡು ಸಲ ಕಳೆದುಕೊಂಡ ಮೇಲೆ ಅವಳು ಮಾತನ್ನೇ ಕಡಿಮೆ ಮಾಡಿದ್ದಳು. ಈಗ ಒಂದೊಂದು ಮಾತು ಬರತೊಡಗಿತು. ಪಾದದ ಬಣ್ಣ ಇನ್ನೂ ತಿಳಿಯಾಗಬೇಕು ಎನ್ನುತ್ತಿದ್ದಳು. ಅಂಗೈಯ ಕಣ್ಣಿಗೆ ಅವಳೇ ಡಬ್ಬಿಯಿಂದ ಮಣಿ ಆರಿಸಿಕೊಟ್ಟಳು. ಆ ದಿನ ಮಗು ಒದೆಯಿತು ಎಂದು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಷ್ಟು ಖುಷಿ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಮುಖದ ಕಣ್ಣುಗಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದನ್ನು ಶುರುಮಾಡಿದ ದಿನವೇ ನಮ್ಮ ಬೀಗಿತ್ತಿ, ಮಗಳ ಅತ್ತೆ, ಸೊಸೆಯನ್ನು ನೋಡಲು ಬಂದರು. ತಂಬಿಟ್ಟು, ಒಬ್ಬಟ್ಟು ಎಲ್ಲ ಕಟ್ಟಿಕೊಂಡು ಬಂದಿದ್ದರು. ಕೆಟ್ಟವರಲ್ಲ. ಅವರಿಗೂ ಇರುವವನು ಒಬ್ಬನೇ ಮಗ. ಎರಡು ಸಲವೂ ಆಸ್ಪತ್ರೆಯಲ್ಲಿ ನನಗಿಂತ ಜೋರಾಗಿ ಅತ್ತವರು ಅವರು. ಸ್ಟ್ಯಾಂಡಿನ ಹತ್ತಿರ ಬಂದವರು ಹಾಗೇ ನಿಂತುಬಿಟ್ಟರು.

"ಏನ್ ಬೀಗ್ರೇ ಇದು? ಬಸ್ರಿ ಮಲ್ಗಿರೋ ಮನೇಲಿ ದೇವಿ ಕಣ್ಣಿಗೆ ಸೂಜಿ ಚುಚ್ತಾ ಕೂತಿದೀರಲ್ಲ."

"ಅಕ್ಕ, ಇದು ನನ್ ಕೆಲ್ಸ. ದಿನಾ ಚುಚ್ತೀನಿ."

"ಅದು ಯಾರ್ದೋ ಮದ್ವೆದು. ಇದು ನಮ್ ಮನೇದು. ಅದೂ ಮೈಯೆಲ್ಲ ಕಣ್ಣಿರೋಳು."

"ಡಾಕ್ಟ್ರೂ ಸೂಜೀನೇ ಅಲ್ವಾ ಹಿಡಿದಿದ್ದು? ಅವಾಗ ನೀವೇನೂ ಅನ್ಲಿಲ್ಲ."

ಮಾತಿಗೆ ಮಾತು ಕೊಡುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಅವರು ಜಗಳ ಮುಂದುವರಿಸಿದ್ದರೆ ನಾನೇ ಗೆಲ್ಲುತ್ತಿದ್ದೆ. ಆದರೆ ಅವರು ಜಗಳ ಮಾಡಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, "ನಂಗೊಂದ್ ಮಗು ಬೇಕು ತಾಯಿ. ಬಿಚ್ಬಿಡಿ. ಹೆರ್ಗೆ ಆದ್ಮೇಲೆ ಬೇಕಾದ್ರೆ ನಾನೇ ಬಟ್ಟೆ ತಂದ್ಕೊಡ್ತೀನಿ, ಎಷ್ಟು ದೊಡ್ದಾಗಾದ್ರೂ ಮಾಡಿ" ಎಂದು ಅತ್ತರು. ಸಂಜೆಯ ಬಸ್ಸಿಗೆ ಹೊರಟುಹೋದರು.

ಅವರು ಹೋದರೂ ಆ ಮಾತು ಹೋಗಲಿಲ್ಲ. ಮರುದಿನ ಕಣ್ಣಿನ ಗೆರೆಯ ಮೇಲೆ ಸೂಜಿ ಇಟ್ಟರೆ ಕೈ ಇಳಿಯದು. ಇಷ್ಟು ದಿನ ನಾನು ಹೊಲಿದಂತೆ ಕಂಡದ್ದೆಲ್ಲ ಈಗ ಚುಚ್ಚಿದಂತೆ ಕಾಣತೊಡಗಿತು. ಅಂಗೈಗೆ ಚುಚ್ಚಿದ್ದೇನೆ, ಪಾದಕ್ಕೆ ಚುಚ್ಚಿದ್ದೇನೆ. ಒಳಗಿರುವ ಮಗುವಿಗೂ ಅಷ್ಟೇ ಸಣ್ಣ ಅಂಗೈ ಇದೆಯಲ್ಲವೇ? ಹಾಗೆಲ್ಲ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ? ಆಗಿಬಿಟ್ಟರೆ? ಎರಡು ಸಲ ಆಗಿರುವ ಮನೆಯಲ್ಲಿ ಮೂರನೆಯ ಸಲಕ್ಕೆ ಧೈರ್ಯ ಎಲ್ಲಿಂದ ತರುವುದು?

ಮಗಳು ನಿದ್ದೆ ಮಾಡುತ್ತಿದ್ದ ಒಂದು ಮಧ್ಯಾಹ್ನ ಬಿಚ್ಚಿದೆ. ಸರಪಳಿ ಹೊಲಿಗೆಯನ್ನು ಬಿಚ್ಚುವುದು ಬಹಳ ಸುಲಭ. ಕೊನೆಯ ಗಂಟನ್ನು ಕತ್ತರಿಸಿ ಎಳೆ ಹಿಡಿದು ಎಳೆದರೆ ಒಂದರೊಳಗೊಂದು ಇರುವ ಕುಣಿಕೆಗಳೆಲ್ಲ ಸರ್ರನೆ ಬಿಟ್ಟುಕೊಂಡು ಬರುತ್ತವೆ. ತಿಂಗಳುಗಟ್ಟಲೆ ಮಾಡಿದ ಮುಖ ನೋಡುನೋಡುತ್ತಿದ್ದಂತೆ ಹೋಯಿತು. ಕೈ ಹೋಯಿತು, ಪಾದ ಹೋಯಿತು. ಮಣಿಗಳು ನೆಲದ ಮೇಲೆ ಉರುಳಿದವು. ರೇಷ್ಮೆಯ ಮೇಲೆ ಬರೀ ತೂತು ಉಳಿಯಿತು. ಎದ್ದ ಮಗಳು ಖಾಲಿ ಬಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಅದೇ ವಾರ ಅವಳಿಗೆ ಬಸುರಿನ ನೀರು ಒಡೆದು ಹೋಯಿತು. ಆಗಿನ್ನೂ ಆರು ತಿಂಗಳು ತುಂಬಿತ್ತಷ್ಟೇ. ನಮ್ಮ ಮನೆಯವರು ತರಕಾರಿ ಸಾಗಿಸುವ ಗಾಡಿಯಲ್ಲಿ ಹಾಸಿಗೆ ಹಾಸಿದರು, ನಾನು ಅವಳ ಕಾಲುಗಳನ್ನು ನನ್ನ ಮಡಿಲಲ್ಲಿ ಎತ್ತಿ ಹಿಡಿದು ಕೂತೆ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ನೋವು ಶುರುವಾಗಿದೆ, ಸೋಂಕು ತಗುಲಿದೆ, ಇನ್ನು ಹೊಲಿಗೆ ಉಳಿಸುವ ಹಾಗಿಲ್ಲ ಎಂದು ಅದನ್ನು ಕತ್ತರಿಸಿದರು. ಗಂಡು ಮಗು. ಒಂದು ಮೊಳದುದ್ದವೂ ಇರಲಿಲ್ಲ. ಬದುಕಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಕೆ ಹಾಕಿದರು.

ಹೊರಗಿನ ಕುರ್ಚಿಯಲ್ಲಿ ಕೂತು ನಾನು ಉಗುರಿನಿಂದ ನನ್ನ ಸೀರೆಯ ಮಡಿಲ ಮೇಲೆ ಆ ದೇವಿಯನ್ನು ಬರೆಯತೊಡಗಿದೆ. ಸೂಜಿ ಇಲ್ಲ, ದಾರ ಇಲ್ಲ. ತಲೆ, ಹೆಗಲು, ಚಾಚಿದ ಕೈ. ಮುಗಿಯುತ್ತಿದ್ದಂತೆ ಬಟ್ಟೆಯನ್ನು ನೀವಿ ಮತ್ತೆ ಮೊದಲಿಂದ ಬರೆಯುತ್ತಿದ್ದೆ. ನಿನ್ನನ್ನು ಬಿಚ್ಚಿದವಳು ನಾನು, ನನಗೇನಾದರೂ ಮಾಡು. ನಿನಗೆ ಇಷ್ಟೊಂದು ಕಣ್ಣಿವೆ, ನನ್ನವೆರಡನ್ನೂ ತೆಗೆದುಕೋ, ಆ ಗಾಜಿನೊಳಗೆ ಒಂದು ಸಲ ನೋಡು. ಎದುರಿಗೆ ಬೀಗಿತ್ತಿ ಕೂತಿದ್ದರು. ಅವರು ತಮ್ಮ ದೇವರಿಗೆ ಏನೇನು ಕೊಡುತ್ತೇನೆ ಎನ್ನುತ್ತಿದ್ದರೋ, ತುಟಿ ಅಲುಗುತ್ತಲೇ ಇತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ನರ್ಸು ಬಂದು ಅಳಿಯನನ್ನು ಒಳಗೆ ಕರೆದರು. ಅವನು ಹೊರಗೆ ಬಂದಾಗ ಅವನ ಮುಖ ನೋಡಿ ನಮಗೆ ಗೊತ್ತಾಯಿತು. ಮಗುವನ್ನು ಅಳಿಯನ ಮನೆಯ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಮಗಳಿಗೆ ಮಗುವಿನ ಮುಖವನ್ನು ಸರಿಯಾಗಿ ನೋಡಲೂ ಆಗಲಿಲ್ಲ, ನಳಿಕೆ ಅಂಟಿಸಿದ ಪಟ್ಟಿ ಅರ್ಧ ಮುಖ ಮುಚ್ಚಿತ್ತು.

ಅವಳನ್ನು ಮತ್ತೆ ನಮ್ಮ ಮನೆಗೇ ಕರೆತಂದೆ. ಇಟ್ಟಿಗೆ ತೆಗೆದು ಮಂಚವನ್ನು ಕೋಣೆಗೆ ಹಾಕಿದೆ. ನನಗೆ ಆ ದಿನಗಳಲ್ಲಿ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು. ಬೀಗಿತ್ತಿ ಬರಲಿ, ಕೇಳುತ್ತೇನೆ ಎಂದು ಪಾತ್ರೆ ತೊಳೆಯುವಾಗ, ಹಸು ಕಟ್ಟುವಾಗ, ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಆ ದೇವಿ ಬಟ್ಟೆಯ ಮೇಲೆ ಇದ್ದಷ್ಟು ದಿನ ಮಗು ಇತ್ತು, ನೀವು ಬಿಚ್ಚಿಸಿದಿರಿ, ಮಗು ಹೋಯಿತು. ಇಷ್ಟು ಹೇಳಿದರೆ ಸಾಕು, ಎದೆಯ ಮೇಲಿನ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ.

ಬಂದರು. ಬೆಳಗ್ಗೆ ಹತ್ತರ ಬಸ್ಸಿಗೆ, ಕೈಯಲ್ಲಿ ಒಂದು ಚೀಲ. ಒಳಗೆ ಹೋಗಿ ಸೊಸೆಯ ತಲೆ ನೇವರಿಸಿ ಬಂದು ಸ್ಟ್ಯಾಂಡಿನ ಪಕ್ಕ ನೆಲದ ಮೇಲೆಯೇ ಕೂತರು. ಚೀಲದಿಂದ ಒಂದು ಬಿಳಿ ರೇಷ್ಮೆ ಬಟ್ಟೆ ತೆಗೆದು ನನ್ನ ಮುಂದೆ ಇಟ್ಟರು. ಬಹಳ ಇಳಿದುಹೋಗಿದ್ದರು. ರವಿಕೆ ತೋಳಿನಲ್ಲಿ ಸಡಿಲವಾಗಿ ನೇತಾಡುತ್ತಿತ್ತು.

"ಬೀಗ್ರೇ, ಒಂದ್ ಮಾತ್ ಕೇಳ್ತೀನಿ, ನಿಜ ಹೇಳಿ" ಎಂದರು. "ನಾನ್ ಬಿಚ್ಚಿಸ್ದೆ ಅಂತಾನೇ ಹಿಂಗಾಯ್ತಾ?"

ಜೋಡಿಸಿಟ್ಟಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಅವರು ತಲೆ ತಗ್ಗಿಸಿ, ಹೊಡೆದರೆ ಹೊಡೆಯಲಿ ಎಂಬಂತೆ ಕೂತಿದ್ದರು. ನಾನು ಹೌದು ಎಂದರೆ ಆ ಹೆಂಗಸು ಮನೆ ಸೇರುವುದಿಲ್ಲ, ದಾರಿಯಲ್ಲೇ ಏನಾದರೂ ಮಾಡಿಕೊಳ್ಳುತ್ತಾರೆ ಎಂದು ನನಗೆ ಅನ್ನಿಸಿತು.

"ಇಲ್ಲಕ್ಕ" ಎಂದೆ. "ಸೋಂಕಾಗಿತ್ತು ಅಂತ ಡಾಕ್ಟ್ರೇ ಹೇಳಿದ್ರಲ್ಲ. ಬಟ್ಟೆಗೂ ಅದಕ್ಕೂ ಏನ್ ಸಂಬಂಧ? ನೀವ್ ಹಂಗೆಲ್ಲ ಅಂದ್ಕೋಬೇಡಿ."

ಅವರು ನನ್ನ ಭುಜಕ್ಕೆ ಹಣೆಯಿಟ್ಟು ಬಹಳ ಹೊತ್ತು ಅತ್ತರು. ನಾನು ಬೆನ್ನು ಸವರುತ್ತಿದ್ದೆ. ಕರುಣೆಯಿಂದ ಸವರಿದೆ ಎಂದರೆ ಸುಳ್ಳಾಗುತ್ತದೆ. ಒಳಗೆ ಸಿಟ್ಟು ಹಾಗೇ ಕುದಿಯುತ್ತಿತ್ತು, ಕೈ ಮಾತ್ರ ಸವರುತ್ತಿತ್ತು. ಕಾಫಿ ಮಾಡಿಕೊಟ್ಟೆ. ಕುಂಕುಮ ಕೊಟ್ಟು ಬಸ್ಸಿನವರೆಗೆ ಹೋಗಿ ಬಂದೆ. ಬಂದಾಗಿಗಿಂತ ಹೋಗುವಾಗ ಅವರ ನಡಿಗೆ ಸ್ವಲ್ಪ ಹಗುರವಾಗಿತ್ತೆಂದು ವಾಪಸು ಬರುವ ದಾರಿಯಲ್ಲಿ ನೆನೆಸಿಕೊಂಡೆ.

ಒಳಗೆ ಬಂದಾಗ ಮಗಳು ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮನೆಗೆ ಬಂದ ಮೇಲೆ ಅವಳಾಗಿ ಎದ್ದು ನಿಂತದ್ದು ಅವತ್ತೇ ಮೊದಲು.

"ಅತ್ತೆ ಹೇಳಿದ್ರು, ಸರಿ" ಎಂದಳು. "ನೀನ್ಯಾಕಮ್ಮ ಬಿಚ್ದೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದಳು ಅಷ್ಟೇ. ನಾನು ನೆಲದ ಮೇಲಿದ್ದ ಬಿಳಿ ರೇಷ್ಮೆಯನ್ನು ಎತ್ತಿಕೊಂಡು ಮಡಿಸತೊಡಗಿದೆ. ಆಮೇಲೆ ಅವಳು ಮತ್ತೆ ಹೋಗಿ ಮಲಗಿದಳು.