ಹುಳದ ಮನೆಯಲ್ಲಿ ನಾನು ಆಡದ ಮಾತು

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಕೊಳ್ಳೇಗಾಲದ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ಓದಿದ್ದು ಎಸ್.ಎಸ್.ಎಲ್.ಸಿ.; ಕೆಲಸ ಹಂಗಾಮಿ. ಆಗ ನಮ್ಮ ತಾಲ್ಲೂಕು ಮದ್ರಾಸಿಗೆ ಸೇರಿತ್ತು, ಮೇಲಿನವರೆಲ್ಲ ಕೊಯಮತ್ತೂರಿನಲ್ಲಿ ಇರುತ್ತಿದ್ದರು. ಕೇಂದ್ರದ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳಬೇಕಾಗಿರುವುದು ನನ್ನ ತಪ್ಪನ್ನು.

ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು ನಮ್ಮ ಮುಖ್ಯ ಕೆಲಸ. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದು ಗಂಟುರೋಗ. ತಾಯಿಯಿಂದ ಮೊಟ್ಟೆಗೆ ಇಳಿಯುವ ಈ ರೋಗಕ್ಕೆ ಔಷಧಿಯಿಲ್ಲ, ಸುಡುವುದೊಂದೇ ದಾರಿ. ಎಲ್ಲ ಚಿಟ್ಟೆಗಳನ್ನೂ ನೋಡಿ ಮುಗಿಸುವವರೆಗೆ ಅವು ಮೊಟ್ಟೆಯಿಟ್ಟ ಹಾಳೆ ಹೊರಗೆ ಹೋಗಬಾರದು. ಆ ಸಲ ಬೇಡಿಕೆ ಹೆಚ್ಚಿತ್ತು. ಮೇಲ್ವಿಚಾರಕರು ಅರ್ಧ ನೋಡಿ ಹಾಳೆಗಳನ್ನು ಹಂಚಿಬಿಟ್ಟರು. ಉಳಿದ ಚಿಟ್ಟೆಗಳನ್ನು ನನಗೆ ಒಪ್ಪಿಸಿ ಕೊಯಮತ್ತೂರಿಗೆ ಹೊರಟರು. ಎರಡನೆಯ ದಿನವೇ ನನಗೆ ಆ ಕಣಗಳು ಕಂಡವು. ಆ ಚಿಟ್ಟೆಗಳ ಹಾಳೆ ಹೋಗಿದ್ದು ಮಧುವನಹಳ್ಳಿಯ ಶಿವಮ್ಮನ ಮನೆಗೆ.

ಶಿವಮ್ಮ ವಿಧವೆ. ಗಂಡನ ಪಾಲಿನ ಹೊಲದಲ್ಲಿ ತಾನೇ ನಿಂತು ಹಿಪ್ಪುನೇರಳೆ ಹಾಕಿಸಿದ್ದಳು. ಈ ಬೆಳೆ ಕೆಟ್ಟರೆ ತೋಟ ಕಿತ್ತು ರಾಗಿ ಹಾಕುವುದೇ ಸೈ ಎಂದು ಮೈದುನ ಮಹದೇವಪ್ಪ ಹತ್ತು ಜನರೆದುರು ಹೇಳಿದ್ದ.

ಅಂದೇ ಸೈಕಲ್ ಹತ್ತಿ ಹೋಗಿ ‘ಸುಟ್ಟುಬಿಡಮ್ಮ’ ಎಂದಿದ್ದರೆ ಯಳಂದೂರಿನಿಂದ ಬೇರೆ ಮೊಟ್ಟೆ ತರಿಸಿಕೊಳ್ಳಲು ಅವಳಿಗೆ ಸಮಯವಿತ್ತು. ಆದರೆ ಹಾಗೆಂದರೆ ಮೇಲ್ವಿಚಾರಕರ ತಪ್ಪನ್ನು ಊರಿಗೆ ಸಾರಿದಂತೆ. ಕೆಲಸ ಹೋದೀತೆಂದು ಹೆದರಿ ಕೊಯಮತ್ತೂರಿಗೆ ಅವರಿಗೇ ಕಾಗದ ಬರೆದೆ. ‘ಕೆಲವು ಚಿಟ್ಟೆಗಳಲ್ಲಿ ಸಂದೇಹದ ಲಕ್ಷಣ ಕಂಡಂತಿದೆ, ಸೂಕ್ತ ಆದೇಶ ದಯಪಾಲಿಸಬೇಕು’ ಎಂಬ ಧಾಟಿಯ ಇಂಗ್ಲಿಷು. ಓದಿದವರಿಗೆ ಅವಸರವೇ ತಿಳಿಯದಂತಿತ್ತು. ಉತ್ತರ ಬರಲಿಲ್ಲ.

ಮೊಟ್ಟೆಯೊಡೆದು ಹುಳ ಎದ್ದ ಮೇಲೆ ತನಿಖೆಗೆ ಹೋಗಲೇಬೇಕಾಯಿತು. ಜಗಲಿಯಲ್ಲಿದ್ದ ಮಹದೇವಪ್ಪ ನಕ್ಕ: “ಉಳ ಮೇಯ್ಸಾಕೆ ನಮ್ಮತ್ತಿಗೆ, ಉಳ ನೋಡಾಕೆ ಈ ಸಾಯೇಬ್ರು. ನಾನು ಎತ್ತು ಮೇಯ್ಸ್ಕಂಡಿರ್ತೀನಿ ಕಣ್ರಿ!”

ಒಳಗೆ ಶಿವಮ್ಮ ಹುಳದ ತಟ್ಟೆ ತಂದು ಬೆಳಕಿಗೆ ಹಿಡಿದಳು. “ಚೆಂದಾಗವಾ ಸಾ?”

ಕೆಲವು ದಪ್ಪ, ಕೆಲವು ಸಣಕಲು. ರೋಗದ್ದೇ ಗುರುತು. ಹುಳದ ಮನೆಯೊಳಗೆ ಅಶುಭ ಆಡಬಾರದೆಂಬುದು ನಮ್ಮ ಕಡೆಯ ರೂಢಿ. ನಾನು ಅದರ ಮರೆಗೆ ನಿಂತೆ. “ಚೆನ್ನಾಗಿವೆ,” ಎಂದೆ. ಹೊರಗೆ ಬಂದ ಮೇಲಾದರೂ ಹೇಳಬಹುದಿತ್ತು. ಬಾಗಿಲಲ್ಲಿ ಮಹದೇವಪ್ಪನಿದ್ದ, ಸೈಕಲ್ ಹತ್ತಿ ಹೊರಟುಬಿಟ್ಟೆ. ಹೀಗೆ ಮೂರು ಸಲ ಹೋದೆ. ಪ್ರತಿ ಸಲವೂ ಹಿಂದಿನ ಸಲ ಹೇಳಿದ ಸುಳ್ಳು ನನ್ನ ಬಾಯಿ ಕಟ್ಟಿತು. ಕೊನೆಯ ಪೊರೆ ಬಿಡುವ ಹೊತ್ತಿಗೆ ಹುಳಗಳೆಲ್ಲ ಸತ್ತವು.

ಮೇಲ್ವಿಚಾರಕರು ಬಂದರು. ನನ್ನ ಕಾಗದ ಅವರ ಚೀಲದಲ್ಲೇ ಇತ್ತು. “ಹುಳದ ಮನೆ ಶುಚಿ ಇರಲಿಲ್ಲ ಅಂತ ಬರೆದು ಆಯಮ್ಮನ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾರಯ್ಯ. ನಿಂದೂ ಉಳೀತದೆ, ನಂದೂ ಉಳೀತದೆ,” ಎಂದರು.

ಬರೆದುಕೊಂಡು ಹೋದೆ.

“ನಮ್ದೇನಾರ ತೆಪ್ಪಾಯ್ತಾ ಸಾ?” ಎಂದಳು ಶಿವಮ್ಮ.

“ಮನೆ ಇನ್ನೂ ಶುಚಿಯಾಗಿರಬೇಕಿತ್ತಮ್ಮ.”

ಅವಳು ಸುತ್ತ ನೋಡಿದಳು. “ದಿನಾ ಎಲ್ಡೊತ್ತು ಸಾರಿಸ್ತಿದ್ನಲ್ಲ... ನೀವು ಓದಿದೋರು, ನಿಮ್ಗೆ ಗೊತ್ತಾಯ್ತದೆ,” ಎಂದು ಹೆಬ್ಬೆಟ್ಟು ಒತ್ತಿದಳು. ಆ ವಾರವೇ ತೋಟ ಕಿತ್ತರು.

ನಾಲ್ಕು ವರ್ಷದ ಮೇಲೆ ಹನೂರಿನ ಕಡೆ ಇಂಥವೇ ರೋಗದ ಹಾಳೆಗಳು ಹೋಗಿರುವುದು ತಿಳಿದಾಗ ಆದೇಶಕ್ಕೆ ಕಾಯಲಿಲ್ಲ. ರೈತರ ಮನೆಮನೆಗೆ ಹೋಗಿ, “ಇದು ನಮ್ಮ ತಪ್ಪು, ಈಗಲೇ ಸುಡಿ,” ಎಂದು ಹೇಳಿ ಸುಡಿಸಿದೆ. ನನಗೆ ಬಂದ ಶಿಕ್ಷೆ ಒಂದು ಮೆಮೊ. ಅದನ್ನು ಓದಿ ಅತ್ತುಬಿಟ್ಟೆ. ಇಷ್ಟಕ್ಕೆ ಹೆದರಿ ಶಿವಮ್ಮನ ತೋಟ ಹೋಗಲು ಬಿಟ್ಟಿದ್ದೆ.

ಕೇಳಿದವರು ಏನು ಮಾಡಬೇಕೆಂಬುದು ತಿಳಿಯದಂತೆ ಹೇಳಿದರೆ ಅದು ಹೇಳಿದಂತಲ್ಲ, ತನ್ನನ್ನು ಉಳಿಸಿಕೊಂಡಂತೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿತ ಮೇಲೂ ಮಧುವನಹಳ್ಳಿಗೆ ಹೋಗಿ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ತನ್ನ ಮನೆಯೇ ಕೊಳಕಾಗಿತ್ತೆಂದು ನಂಬಿಕೊಂಡೇ ಶಿವಮ್ಮ ತೀರಿಕೊಂಡಳು.